ಬೀಗದ ಕೈ ಕೊಟ್ಟರೆ ಮುಖ್ಯೋಪಾಧ್ಯಾಯರಾಗುವರೇ?

ಒಂದು ಊರಿನ ಶಾಲೆ ಚೆನ್ನಾಗಿ ನಡೆಯುತ್ತಿದೆ ಎಂದು ಜನರು ಹೇಳುವಾಗ ಅವರ ಬಾಯಲ್ಲಿ ಮೊದಲು ಬರುವುದು ಕಟ್ಟಡದ ಮಾತಲ್ಲ, ಪಠ್ಯಕ್ರಮದ ಮಾತೂ ಅಲ್ಲ. ಅಲ್ಲಿನ ಮುಖ್ಯೋಪಾಧ್ಯಾಯರ ಹೆಸರು. ‘ಆ ಹೆಡ್‌ಮಾಸ್ತರರು ಇದ್ದಾಗ ಶಾಲೆ ಹೇಗಿತ್ತು, ಈಗ ಹೇಗಾಗಿದೆ ನೋಡಿ’ ಎಂಬ ಮಾತು ಕೇಳಿಬರದ ಊರು ನಮ್ಮ ನಾಡಿನಲ್ಲಿ ಇರಲಾರದು. ಅದೇ ಗೋಡೆ, ಅದೇ ಶಿಕ್ಷಕರು, ಅದೇ ಬಡ ಮಕ್ಕಳು. ಆದರೆ ಮುಖ್ಯಸ್ಥರು ಬದಲಾದೊಡನೆ ಶಾಲೆಯ ಉಸಿರೇ ಬದಲಾಗುತ್ತದೆ. ಜನಸಾಮಾನ್ಯರಿಗೆ ಅನುಭವದಿಂದ ತಿಳಿದಿರುವ ಈ ಸತ್ಯಕ್ಕೆ ನಮ್ಮ ಸರ್ಕಾರಗಳು ಎಷ್ಟು ಬೆಲೆ ಕೊಟ್ಟಿವೆ? ಸರ್ಕಾರಿ ಶಾಲೆಗಳ ಮುಖ್ಯಸ್ಥರನ್ನು ರೂಪಿಸಲೆಂದು ಬೊಕ್ಕಸದಿಂದ ಬರುವ ಅನುದಾನ ಹೇಗೆ ಬಳಕೆಯಾಗಬೇಕು? ಈ ವಾರ ಈ ವಿಷಯವನ್ನು ಓದುಗರೊಡನೆ ವಿಚಾರ ಮಾಡಬಯಸುತ್ತೇವೆ.

‘ನಮ್ಮ ಮಕ್ಕಳು ಸಭೆಯ ಶಾಲೆಗಳಲ್ಲಿ ಓದುತ್ತಿದ್ದಾರೆ, ಸರ್ಕಾರಿ ಶಾಲೆಯ ಚಿಂತೆ ನಮಗೇಕೆ?’ ಎಂದು ಕೆಲವರು ಕೇಳಬಹುದು. ನಮ್ಮ ಕುಟುಂಬಗಳೆಲ್ಲವೂ ಅಂಥವಲ್ಲ ಎಂಬುದನ್ನು ಮೊದಲು ನೆನಪಿಸಬೇಕಾಗಿದೆ. ಕೂಲಿ ಮಾಡುವ, ತೋಟಗಳಲ್ಲಿ ದುಡಿಯುವ, ಪಟ್ಟಣದ ಅಂಚಿನ ಬಾಡಿಗೆ ಕೋಣೆಗಳಲ್ಲಿ ಬದುಕುವ ನಮ್ಮವರ ಮಕ್ಕಳು ನಡೆದುಹೋಗುವುದು ಹತ್ತಿರದ ಸರ್ಕಾರಿ ಶಾಲೆಗೇ. ಆ ಶಾಲೆಗಳಲ್ಲಿ ಕಲಿಸುವವರೂ ಕಲಿಸಿ ನಿವೃತ್ತರಾದವರೂ ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಇವು ಯಾವುವೂ ಇಲ್ಲದಿದ್ದರೂ, ನೆರೆಯವರ ಮಗುವಿನ ಕಲಿಕೆ ನಮಗೆ ಸಂಬಂಧಿಸಿದ್ದಲ್ಲ ಎನ್ನುವ ಮಾತು ನಮ್ಮ ಬಾಯಲ್ಲಿ ಬರತಕ್ಕದ್ದಲ್ಲ.

ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಒಬ್ಬರು ಮುಖ್ಯ ಶಿಕ್ಷಕರಾಗುವ ಬಗೆಯನ್ನು ಗಮನಿಸೋಣ. ಇಪ್ಪತ್ತು ಇಪ್ಪತ್ತೈದು ವರ್ಷ ಗಣಿತವನ್ನೋ ಕನ್ನಡವನ್ನೋ ಕಲಿಸಿದವರಿಗೆ ಸೇವಾ ಜ್ಯೇಷ್ಠತೆಯ ಆಧಾರದ ಮೇಲೆ ಒಂದು ದಿನ ಬಡ್ತಿಯ ಆದೇಶ ಬರುತ್ತದೆ. ಬಡ್ತಿ ಬಾರದ ಕಡೆ ಇದ್ದವರಲ್ಲಿ ಹಿರಿಯರೊಬ್ಬರು ‘ಪ್ರಭಾರ’ ವಹಿಸಿಕೊಳ್ಳುತ್ತಾರೆ. ನಿವೃತ್ತರಾಗುವವರು ಬೀಗದ ಕೈಗಳ ಗೊಂಚಲು, ನಗದು ಪುಸ್ತಕ, ಬ್ಯಾಂಕಿನ ಪಾಸ್ ಪುಸ್ತಕ, ದಾಸ್ತಾನು ವಹಿ ಇವುಗಳನ್ನು ಒಪ್ಪಿಸಿ, ಒಂದು ರುಜು ಪಡೆದು ಹೊರಡುತ್ತಾರೆ. ಅಲ್ಲಿಗೆ ಅಧಿಕಾರ ಹಸ್ತಾಂತರ ಮುಗಿಯಿತು. ಹಸ್ತಾಂತರವಾದದ್ದು ಬೀಗದ ಕೈಗಳೇ ಹೊರತು, ಶಾಲೆಯೊಂದನ್ನು ನಡೆಸುವ ವಿವೇಕವಲ್ಲ.

ಮರುದಿನದಿಂದ ಅವರ ಪಾಡು ಏನೆಂಬುದು ಶಿಕ್ಷಕರ ಮನೆಗಳಲ್ಲಿ ಎಲ್ಲರಿಗೂ ತಿಳಿದದ್ದೇ. ಅಕ್ಷರ ದಾಸೋಹದ ಅಕ್ಕಿ ಬೇಳೆಗಳ ಲೆಕ್ಕ, ಹಾಲಿನ ಪುಡಿಯ ಲೆಕ್ಕ, 2024ರಿಂದ ವಾರಕ್ಕೆ ಆರು ದಿನ ಕೊಡಲಾರಂಭಿಸಿದ ಮೊಟ್ಟೆಯ ಲೆಕ್ಕ. ಸಮವಸ್ತ್ರ, ಪಠ್ಯಪುಸ್ತಕ, ವಿದ್ಯಾರ್ಥಿವೇತನ. ಮಕ್ಕಳ ವಿವರಗಳನ್ನು ಗಣಕಯಂತ್ರಕ್ಕೆ ತುಂಬುವ ಕೆಲಸ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆ. ಸೋರುವ ಮಾಡು, ಮುರಿದ ಕೊಳವೆ. ಮಕ್ಕಳಿಗೆ ಹಾಲು, ಊಟ, ಮೊಟ್ಟೆ ಕೊಡುವುದು ಪುಣ್ಯದ ಕೆಲಸವೇ. ಅದರ ಬಗ್ಗೆ ನಮ್ಮ ಆಕ್ಷೇಪವಿಲ್ಲ. ಇವುಗಳ ಜೊತೆಗೆ ಚುನಾವಣೆ, ಗಣತಿ, ಸಮೀಕ್ಷೆಗಳೂ ಇವೆ. 2025ರ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನೇ ಗಣತಿದಾರರನ್ನಾಗಿ ನೇಮಿಸಲಾಗಿ, ಕೆಲಸ ಮುಗಿಯದೆ ದಸರಾ ರಜೆಯನ್ನೇ ಮುಂದುವರಿಸಬೇಕಾಯಿತು. ಈ ಎಲ್ಲದರ ನಡುವೆ ‘ಐದನೆಯ ತರಗತಿಯ ಮಕ್ಕಳಿಗೆ ಓದಲು ಬರುತ್ತದೆಯೇ? ಬಾರದಿದ್ದರೆ ಅಲ್ಲಿ ಕಲಿಸುವ ಶಿಕ್ಷಕರಿಗೆ ನಾನು ಹೇಗೆ ನೆರವಾಗಲಿ?’ ಎಂಬ ಪ್ರಶ್ನೆಗೆ ಮುಖ್ಯ ಶಿಕ್ಷಕರ ದಿನದಲ್ಲಿ ಸ್ಥಳವೆಲ್ಲಿ?

ಕಾನೂನೂ ಇಲ್ಲಿ ಉದಾರವಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಂತೆ ಕಿರಿಯ ಪ್ರಾಥಮಿಕ ಹಂತದಲ್ಲಿ 150ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಮಾತ್ರ ಐವರು ಶಿಕ್ಷಕರೊಡನೆ ಒಬ್ಬ ಮುಖ್ಯ ಶಿಕ್ಷಕರು. ಹಿರಿಯ ಪ್ರಾಥಮಿಕ ಹಂತದಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಪೂರ್ಣಾವಧಿಯ ಮುಖ್ಯ ಶಿಕ್ಷಕರು. ಅದಕ್ಕಿಂತ ಚಿಕ್ಕ ಶಾಲೆಗಳಲ್ಲಿ ಪಾಠ ಮಾಡುವವರೇ ಶಾಲೆಯನ್ನೂ ನಡೆಸಬೇಕು. 2024–25ರ ಯುಡೈಸ್ ಪ್ಲಸ್ ಅಂಕಿಅಂಶಗಳಂತೆ ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು, ನಮ್ಮ ರಾಜ್ಯದಲ್ಲಿ ಏಳು ಸಾವಿರಕ್ಕೂ ಹೆಚ್ಚು ಶಾಲೆಗಳಲ್ಲಿ ಇದ್ದದ್ದು ಒಬ್ಬರೇ ಶಿಕ್ಷಕರು. ಅಲ್ಲಿ ಗುರು, ಮುಖ್ಯಸ್ಥ, ಗುಮಾಸ್ತ ಎಲ್ಲವೂ ಒಬ್ಬರೇ.

ಮುಖ್ಯಸ್ಥರಿಂದ ಮಕ್ಕಳ ಕಲಿಕೆ ನಿಜವಾಗಿಯೂ ಬದಲಾಗುವುದೇ ಎಂದು ವಿದ್ವಾಂಸರು ಪರೀಕ್ಷಿಸಿ ನೋಡಿದ್ದಾರೆ. ಉತ್ತರ ಅಮೆರಿಕದಲ್ಲಿ ಕೆನ್ನೆತ್ ಲೀತ್‌ವುಡ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ವಿಮರ್ಶೆಯಂತೆ, ಮಕ್ಕಳ ಕಲಿಕೆಯ ಮೇಲೆ ಪ್ರಭಾವ ಬೀರುವ ಶಾಲೆಯೊಳಗಿನ ಸಂಗತಿಗಳಲ್ಲಿ ತರಗತಿಯ ಬೋಧನೆಗೆ ಮೊದಲ ಸ್ಥಾನ, ಮುಖ್ಯಸ್ಥರ ನಾಯಕತ್ವಕ್ಕೆ ಎರಡನೆಯ ಸ್ಥಾನ. 2021ರಲ್ಲಿ ಜೇಸನ್ ಗ್ರಿಸಮ್ ಮತ್ತು ಸಂಗಡಿಗರು ಇನ್ನಷ್ಟು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ದುರ್ಬಲ ಮುಖ್ಯಸ್ಥರ ಸ್ಥಾನಕ್ಕೆ ಸಮರ್ಥರು ಬಂದಲ್ಲಿ ಆ ಶಾಲೆಯ ಮಕ್ಕಳು ಗಣಿತದಲ್ಲೂ ಓದಿನಲ್ಲೂ ವರ್ಷಕ್ಕೆ ಸುಮಾರು ಮೂರು ತಿಂಗಳಷ್ಟು ಹೆಚ್ಚಿನ ಕಲಿಕೆ ಪಡೆಯುವುದು ಕಂಡುಬಂತು. ಒಬ್ಬ ಒಳ್ಳೆಯ ಶಿಕ್ಷಕರ ಫಲ ಒಂದು ತರಗತಿಗೆ. ಒಬ್ಬ ಒಳ್ಳೆಯ ಮುಖ್ಯಸ್ಥರ ಫಲ ಇಡೀ ಶಾಲೆಗೆ. ಅಂಕಿಗಳು ಅಮೆರಿಕದವಾದರೂ, ನಮ್ಮ ಊರವರ ಮಾತಿಗೂ ಇವುಗಳಿಗೂ ವಿರೋಧವಿಲ್ಲ.

ನಮ್ಮ ಸರ್ಕಾರಗಳು ಈ ವಿಷಯದಲ್ಲಿ ನಿದ್ರಿಸಿವೆ ಎಂದರೆ ಅನ್ಯಾಯವಾದೀತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ತರುವಾಯ ಜಿಲ್ಲೆಗಳಲ್ಲಿ ಡಯಟ್ ಎಂಬ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು ಹುಟ್ಟಿಕೊಂಡವು. 2012ರಲ್ಲಿ ದೆಹಲಿಯ ರಾಷ್ಟ್ರೀಯ ಶೈಕ್ಷಣಿಕ ಯೋಜನೆ ಮತ್ತು ಆಡಳಿತ ವಿಶ್ವವಿದ್ಯಾಲಯದಲ್ಲಿ ಶಾಲಾ ನಾಯಕತ್ವಕ್ಕೆಂದೇ ಒಂದು ರಾಷ್ಟ್ರೀಯ ಕೇಂದ್ರ ಸ್ಥಾಪನೆಗೊಂಡಿತು. ತನ್ನನ್ನು ತಾನು ಬೆಳೆಸಿಕೊಳ್ಳುವುದು, ಬೋಧನೆ ಕಲಿಕೆಗಳನ್ನು ಸುಧಾರಿಸುವುದು, ಶಿಕ್ಷಕರ ತಂಡ ಕಟ್ಟುವುದು, ಪೋಷಕರನ್ನು ಜೊತೆಗೂಡಿಸಿಕೊಳ್ಳುವುದು ಮುಂತಾದ ಏಳು ಕ್ಷೇತ್ರಗಳ ಸೊಗಸಾದ ಪಠ್ಯಕ್ರಮವೊಂದನ್ನು ಅದು ರೂಪಿಸಿತು. 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಾ ಯೋಜನೆಯ ಅಡಿಯಲ್ಲಿ ರಾಜ್ಯಗಳಲ್ಲಿ ಶಾಲಾ ನಾಯಕತ್ವ ಅಕಾಡೆಮಿಗಳಿಗೆ ಅವಕಾಶ ದೊರೆಯಿತು. ನಮ್ಮಂಥ ರಾಜ್ಯಗಳಿಗೆ ವೆಚ್ಚದ ಹಂಚಿಕೆ ಕೇಂದ್ರದ್ದು 60, ರಾಜ್ಯದ್ದು 40. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮುಖ್ಯಸ್ಥರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ತರಬೇತಿ ಬೇಕೆಂದಿತು. ಆ ನೀತಿಯನ್ನು ಒಪ್ಪದ ನಮ್ಮ ರಾಜ್ಯ ಸರ್ಕಾರ 2023ರಲ್ಲಿ ಪ್ರೊಫೆಸರ್ ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ತನ್ನದೇ ಆಯೋಗವನ್ನು ನೇಮಿಸಿ, 2025ರ ಆಗಸ್ಟ್‌ನಲ್ಲಿ ವರದಿ ಸ್ವೀಕರಿಸಿತು. ನೀತಿ ಯಾರದೇ ಇರಲಿ, ಮುಖ್ಯಸ್ಥರ ತರಬೇತಿ ಬೇಡವೆಂದು ವಾದಿಸುವವರು ಯಾರೂ ಇಲ್ಲ.

ಹಾಗಾದರೆ ಕೊರತೆ ಎಲ್ಲಿ? ಹಣ ಯಾವ ಬಗೆಯ ತರಬೇತಿಯನ್ನು ಕೊಳ್ಳುತ್ತಿದೆ ಎಂಬಲ್ಲಿ. ನಮ್ಮಲ್ಲಿ ರೂಢಿಗೆ ಬಂದಿರುವುದು ಮೇಲಿಂದ ಕೆಳಗೆ ಇಳಿಯುವ ಪದ್ಧತಿ. ರಾಷ್ಟ್ರಮಟ್ಟದಲ್ಲಿ ಕಲಿತವರು ರಾಜ್ಯದವರಿಗೆ, ಅವರು ಜಿಲ್ಲೆಯವರಿಗೆ, ಜಿಲ್ಲೆಯವರು ತಾಲ್ಲೂಕಿನವರಿಗೆ ಹೇಳಬೇಕು. ಮೇಲಿನ ಕೊಡದ ತುಂಬು ನೀರು ಕೆಳಗಿನ ಚೊಂಬಿಗೆ ಬರುವಷ್ಟರಲ್ಲಿ ತೇವ ಮಾತ್ರ ಉಳಿದಿರುತ್ತದೆ. ಒಂದು ಸಭಾಂಗಣ, ಐದಾರು ದಿನ, ಪರದೆಯ ಮೇಲೆ ಓಡುವ ಅಕ್ಷರಗಳು, ಹಾಜರಿ ಪುಸ್ತಕ, ಊಟ, ಪ್ರಯಾಣ ಭತ್ಯೆ, ಕೊನೆಗೊಂದು ಪ್ರಮಾಣಪತ್ರ. ‘ಇಷ್ಟು ಮಂದಿಗೆ ತರಬೇತಿ ನೀಡಲಾಗಿದೆ’ ಎಂದು ವರದಿ ಹೋಗುತ್ತದೆ, ಅನುದಾನ ಬಳಕೆಯಾದ ಪತ್ರವೂ ಹೋಗುತ್ತದೆ. ಮುಖ್ಯ ಶಿಕ್ಷಕರು ಮಾತ್ರ ತಮ್ಮ ಶಾಲೆಗೆ ಹಿಂತಿರುಗಿ ಅದೇ ಮೇಜಿನ ಮುಂದೆ ಒಂಟಿಯಾಗಿ ಕುಳಿತುಕೊಳ್ಳುತ್ತಾರೆ.

ಇಲ್ಲಿ ಹಳೆಯ ತತ್ತ್ವಶಾಸ್ತ್ರದ ಒಂದು ವಿವೇಚನೆ ನಮಗೆ ನೆರವಾಗುತ್ತದೆ. ಗ್ರೀಸಿನ ಅರಿಸ್ಟಾಟಲನು ಶಾಸ್ತ್ರಜ್ಞಾನವನ್ನೂ ವ್ಯವಹಾರದ ವಿವೇಕವನ್ನೂ ಬೇರೆ ಬೇರೆಯಾಗಿ ಗುರುತಿಸಿದ್ದಾನೆ. ರೇಖಾಗಣಿತವನ್ನು ಎಳೆಯರೂ ಕಲಿಯಬಲ್ಲರು. ಆದರೆ ಇಂಥ ಸನ್ನಿವೇಶದಲ್ಲಿ, ಇಂಥ ಮನುಷ್ಯರೊಡನೆ ಏನು ಮಾಡುವುದು ಸರಿ ಎಂಬ ವಿವೇಕ ಬರುವುದು ಅನುಭವದಿಂದ, ವಿವೇಕಿಗಳ ಒಡನಾಟದಿಂದ. ಶಾಲೆಯನ್ನು ನಡೆಸುವುದು ಈ ಎರಡನೆಯ ಬಗೆಯ ಕೆಲಸ. ಮೂವತ್ತು ವರ್ಷ ಸೇವೆ ಸಲ್ಲಿಸಿ ಉತ್ಸಾಹ ಕಳೆದುಕೊಂಡ ಶಿಕ್ಷಕರೊಬ್ಬರಿಗೆ ನೋವಾಗದಂತೆ ಅವರ ಪಾಠದ ದೋಷವನ್ನು ಹೇಗೆ ಹೇಳಬೇಕು? ಮದ್ಯದ ಅಮಲಿನಲ್ಲಿ ಸಭೆಗೆ ಬರುವ ಪೋಷಕನನ್ನು ಹೇಗೆ ಮಾತನಾಡಿಸಬೇಕು? ಹತ್ತು ದಿನದಿಂದ ಬಾರದ ಹುಡುಗಿಯ ಮನೆಗೆ ಯಾರನ್ನು ಕಳುಹಿಸಬೇಕು? ಇವಕ್ಕೆ ಕೈಪಿಡಿಯಲ್ಲಿ ಉತ್ತರವಿಲ್ಲ. ನೀರಿಗಿಳಿಯದೆ ಈಜು ಬಾರದು ಎನ್ನುತ್ತೇವೆ. ನೀರಿಗೆ ಇಳಿಸಿ ದಡದಲ್ಲಿ ಯಾರೂ ನಿಲ್ಲದೆ ಹೊರಟುಹೋದರೂ ಈಜು ಬಾರದು.

ಆದುದರಿಂದ ಶಿಬಿರಕ್ಕಿಂತ ಹೆಚ್ಚಾಗಿ ಬೇಕಾದದ್ದು ಸಂಗಾತಿ. ತಾವೇ ಒಳ್ಳೆಯ ಶಾಲೆಯನ್ನು ನಡೆಸಿ ಅನುಭವ ಪಡೆದ ಹಿರಿಯರೊಬ್ಬರು ಹೊಸ ಮುಖ್ಯಸ್ಥರ ಶಾಲೆಗೆ ತಿಂಗಳಿಗೆ ಒಂದೆರಡು ಬಾರಿ ಹೋಗಬೇಕು. ಅವರೊಡನೆ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ಕೇಳಬೇಕು. ಪಾಠದ ನಂತರ ಮುಖ್ಯಸ್ಥರು ಶಿಕ್ಷಕರೊಡನೆ ಮಾತನಾಡುವುದನ್ನು ಗಮನಿಸಬೇಕು. ಮುಂದಿನ ಭೇಟಿಯವರೆಗೆ ಒಂದೇ ಒಂದು ಕೆಲಸವನ್ನು ಇಬ್ಬರೂ ಸೇರಿ ಗೊತ್ತುಮಾಡಬೇಕು. ಇದು ತಪಾಸಣೆಯಲ್ಲ, ಮೇಲಧಿಕಾರಿಗೆ ವರದಿ ಹೋಗುವುದಾದರೆ ಯಾರೂ ತಮ್ಮ ಕಷ್ಟವನ್ನು ಬಾಯಿಬಿಟ್ಟು ಹೇಳಿಕೊಳ್ಳುವುದಿಲ್ಲ. ಇದು ಹೊಸ ಕಲ್ಪನೆಯೂ ಅಲ್ಲ. ಯೇಸು ಸಭೆಯ ಗುರುಗಳು 1599ರಲ್ಲಿ ತಮ್ಮ ಶಾಲೆಗಳಿಗೆ ರಚಿಸಿಕೊಂಡ ‘ರೇಷಿಯೋ ಸ್ಟುಡಿಯೋರಮ್’ ಎಂಬ ನಿಯಮಾವಳಿಯಲ್ಲಿಯೇ, ಶಿಕ್ಷಣದ ಉಸ್ತುವಾರಿ ಹೊತ್ತವರು ಹದಿನೈದು ದಿನಗಳಿಗೊಮ್ಮೆಯಾದರೂ ಪ್ರತಿಯೊಬ್ಬ ಶಿಕ್ಷಕರ ಪಾಠವನ್ನು ಕುಳಿತು ಕೇಳಬೇಕೆಂಬ ವಿಧಿಯಿದೆ. ನಮ್ಮ ರಾಜ್ಯದ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು ಇಂಥ ಒತ್ತಾಸೆಗಾಗಿಯೇ ಇರುವವರು; ಆದರೆ ಹಲವೆಡೆ ಅವರು ಮಾಹಿತಿ ಸಂಗ್ರಹಿಸಿ ಮೇಲಕ್ಕೆ ಸಾಗಿಸುವವರಾಗಿ ಉಳಿದಿರುವುದು ವಿಷಾದದ ಸಂಗತಿ.

ಜೊತೆಗಾರಿಕೆ ಇಲ್ಲದ ಸುಧಾರಣೆ ಕಾಗದದಲ್ಲೇ ನಿಲ್ಲುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲಿಯೇ ಒಂದು ಎಚ್ಚರಿಕೆಯ ಉದಾಹರಣೆ ಇದೆ. ಮಧ್ಯಪ್ರದೇಶದಲ್ಲಿ ಶಾಲೆಗಳ ಗುಣಮಟ್ಟವನ್ನು ಅಳೆದು, ಪ್ರತಿ ಶಾಲೆಗೂ ಸುಧಾರಣಾ ಯೋಜನೆ ಬರೆಯಿಸುವ ಕಾರ್ಯಕ್ರಮವೊಂದು ನಡೆಯಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ಅಭಿಜೀತ್ ಸಿಂಗ್ ಅವರು ಅದನ್ನು ಕ್ರಮಬದ್ಧವಾಗಿ ಪರೀಕ್ಷಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೌಲ್ಯಮಾಪನ ನಡೆದಿತ್ತು, ಯೋಜನೆಗಳನ್ನು ಬರೆದದ್ದೂ ಆಗಿತ್ತು. ಆದರೆ ಶಿಕ್ಷಕರ ಹಾಜರಾತಿಯಲ್ಲಾಗಲಿ ಮಕ್ಕಳ ಕಲಿಕೆಯಲ್ಲಾಗಲಿ ಬದಲಾವಣೆ ಕಾಣಲಿಲ್ಲ. ಶಾಲೆಗಳ ಪಾಲಿಗೆ ಅದು ತುಂಬಿ ಕಳುಹಿಸಬೇಕಾದ ಇನ್ನೊಂದು ನಮೂನೆಯಾಗಿತ್ತು, ಅಷ್ಟೇ. ಹೀಗಿದ್ದರೂ ಅದೇ ಮಾದರಿ ದೇಶದ ಲಕ್ಷಾಂತರ ಶಾಲೆಗಳಿಗೆ ಹಬ್ಬಿತು. ಕಾಗದ ತುಂಬಿದ್ದರಿಂದ ಅದು ಯಶಸ್ಸಿನಂತೆ ತೋರಿತ್ತು!

ಹಣದ ವಿಷಯದಲ್ಲಿ ಇನ್ನೊಂದು ಪಾಠವನ್ನು ದೂರದ ಕ್ಯಾಲಿಫೋರ್ನಿಯಾದಿಂದ ಕಲಿಯಬಹುದು. ಆ ರಾಜ್ಯವು 1983ರ ಶಿಕ್ಷಣ ಸುಧಾರಣಾ ಕಾನೂನಿನ ಮೂಲಕ ತನ್ನ ಸಾರ್ವಜನಿಕ ಶಾಲೆಗಳ ಮುಖ್ಯಸ್ಥರಿಗಾಗಿ ಒಂದು ನಾಯಕತ್ವ ಅಕಾಡೆಮಿಯನ್ನು ಕಟ್ಟಿತು. ಸುಮಾರು ಇಪ್ಪತ್ತು ವರ್ಷ ಅದು ಹೆಸರು ಮಾಡಿತು. ಈ ಶತಮಾನದ ಆರಂಭದಲ್ಲಿ ರಾಜ್ಯದ ಖಜಾನೆ ಸೊರಗಿದಾಗ ಅನುದಾನ ನಿಂತಿತು, ಅಕಾಡೆಮಿಯೂ ಮುಚ್ಚಿತು. ಮತ್ತೆ 2019ರ ಆಯವ್ಯಯದಲ್ಲಿ ಹೊಸ ಅಕಾಡೆಮಿಗೆ ಒಪ್ಪಿಗೆ ದೊರೆತು, ಬರ್ಕ್ಲಿಯ ವಿಶ್ವವಿದ್ಯಾಲಯದ ಮುಂದಾಳತ್ವದಲ್ಲಿ ಅದು ಕೆಲಸ ಆರಂಭಿಸಿತು. ಈ ಬಾರಿ ಉಪನ್ಯಾಸಗಳ ಜೊತೆಗೆ, ಮುಖ್ಯಸ್ಥರ ಬಳಿಗೇ ಹೋಗಿ ಒಬ್ಬೊಬ್ಬರಿಗೂ ಮಾರ್ಗದರ್ಶನ ನೀಡುವುದಕ್ಕೆ ವಿಶೇಷ ಸ್ಥಾನ ಕೊಡಲಾಯಿತು. ಅದು ಒಳ್ಳೆಯ ಬೆಳವಣಿಗೆಯೇ. ಆದರೆ ನಡುವೆ ಬರಿದಾಗಿ ಹೋದ ಹದಿನೈದಕ್ಕೂ ಹೆಚ್ಚಿನ ವರ್ಷಗಳನ್ನು ಯಾರು ಹಿಂತಿರುಗಿಸುವರು? ಕಟ್ಟಡದ ಕೆಲಸ ನಿಂತರೆ ಅರ್ಧ ಗೋಡೆ ಕಣ್ಣಿಗೆ ಕಾಣುತ್ತದೆ, ಜನ ಪ್ರಶ್ನಿಸುತ್ತಾರೆ. ತರಬೇತಿ ನಿಂತರೆ ಯಾರ ಕಣ್ಣಿಗೂ ಕಾಣುವುದಿಲ್ಲ. ಆದುದರಿಂದಲೇ ಖಜಾನೆ ಬಡವಾದಾಗ ಮೊದಲು ಕತ್ತರಿ ಬೀಳುವುದು ಇಂಥ ಅನುದಾನಕ್ಕೆ.

ನಮ್ಮಲ್ಲಿ ಕತ್ತರಿಯ ಇನ್ನೊಂದು ಅಲಗೂ ಇದೆ. 2024–25ರಲ್ಲಿ ತಮಿಳುನಾಡಿಗೆ ಬರಬೇಕಾಗಿದ್ದ ಸಮಗ್ರ ಶಿಕ್ಷಾ ಅನುದಾನ, ಪಿ.ಎಂ. ಶ್ರೀ ಶಾಲೆಗಳ ಒಪ್ಪಂದಕ್ಕೆ ಆ ರಾಜ್ಯ ಸಹಿ ಹಾಕಲಿಲ್ಲವೆಂಬ ಕಾರಣದಿಂದ ತಡೆಹಿಡಿಯಲ್ಪಟ್ಟಿತು. ಕೇರಳ, ಪಶ್ಚಿಮ ಬಂಗಾಳಗಳಿಗೂ ಅದೇ ತೊಡಕು ಬಂತು. ವಿವಾದದಲ್ಲಿ ಯಾರ ಪಕ್ಷ ಸರಿ ಎಂಬ ತೀರ್ಪು ನಮ್ಮದಲ್ಲ. ಎರಡು ಆನೆಗಳು ಕಾದಾಡಿದಾಗ ನಲುಗುವುದು ನೆಲದ ಹುಲ್ಲು ಎಂಬುದಷ್ಟೇ ನಮ್ಮ ಮಾತು. ಮುಖ್ಯಸ್ಥರನ್ನು ರೂಪಿಸುವ ಕೆಲಸ ದೆಹಲಿಯ ಹಣವನ್ನು ಮಾತ್ರ ನೆಚ್ಚಿಕೊಂಡಿರಬಾರದು. ರಾಜ್ಯದ ಆಯವ್ಯಯದಲ್ಲಿಯೇ ಅದಕ್ಕೆ ಒಂದು ಸ್ವಂತ ಸಾಲು ಇರಬೇಕು.

‘ಶೌಚಾಲಯಕ್ಕೆ ನೀರಿಲ್ಲ, ಶಿಕ್ಷಕರ ಹುದ್ದೆಗಳೇ ಖಾಲಿ ಇವೆ, ಇಂಥದರಲ್ಲಿ ತರಬೇತಿಗೆ ಹಣವೇ?’ ಎಂಬ ಆಕ್ಷೇಪ ಸಹಜ. ನಾವು ಅದನ್ನು ಹಗುರವಾಗಿ ಕಾಣುವುದಿಲ್ಲ. ಶಿಕ್ಷಕರಿಲ್ಲದ ಶಾಲೆಗೆ ನಾಯಕತ್ವದ ಪಾಠ ಹೇಳುವುದು ಹಸಿದವನಿಗೆ ಅಡುಗೆಯ ಪುಸ್ತಕ ಕೊಟ್ಟಂತೆ. ಖಾಲಿ ಹುದ್ದೆಗಳನ್ನು ತುಂಬಲೇಬೇಕು. ಆದರೆ ಸಮಗ್ರ ಶಿಕ್ಷಾದಲ್ಲಿ ಮಕ್ಕಳ ಸಂಖ್ಯೆಯನ್ನು ಅನುಸರಿಸಿ ಶಾಲೆಯೊಂದಕ್ಕೆ ವರ್ಷಕ್ಕೆ 10 ಸಾವಿರದಿಂದ 1 ಲಕ್ಷ ರೂಪಾಯಿಯವರೆಗೆ ಗೊತ್ತುಮಾಡಿದ ಶಾಲಾ ಅನುದಾನವನ್ನೇ ತೆಗೆದುಕೊಳ್ಳಿ. ಅಷ್ಟೇ ಹಣದಲ್ಲಿ ಒಂದು ಶಾಲೆಯ ನೀರಿನ ತೊಟ್ಟಿ ದುರಸ್ತಿಯಾಗುತ್ತದೆ, ಗೋಡೆಗೆ ಬಣ್ಣ ಬರುತ್ತದೆ, ಪೋಷಕರು ಶ್ರಮದಾನಕ್ಕೆ ಬರುತ್ತಾರೆ. ಇನ್ನೊಂದರಲ್ಲಿ ವರ್ಷದ ಕೊನೆಗೆ ಆತುರದಲ್ಲಿ ಖರ್ಚಾಗಿ ಏನೂ ಉಳಿಯುವುದಿಲ್ಲ. ವ್ಯತ್ಯಾಸ ಹಣದಲ್ಲಿಲ್ಲ, ಹಣ ಹಿಡಿದ ಕೈಯಲ್ಲಿದೆ.

ವಿದೇಶ ಪ್ರವಾಸವೇ ತರಬೇತಿ ಎಂಬ ಭಾವನೆಗೂ ನಮ್ಮ ಸಮ್ಮತಿಯಿಲ್ಲ. 2023ರ ಫೆಬ್ರವರಿಯಲ್ಲಿ ಪಂಜಾಬ್ ಸರ್ಕಾರ 36 ಪ್ರಾಂಶುಪಾಲರನ್ನು ಸಿಂಗಾಪುರಕ್ಕೆ ಕಳುಹಿಸಿದಾಗ ಅಲ್ಲಿನ ರಾಜ್ಯಪಾಲರು ಆಯ್ಕೆಯ ಬಗ್ಗೆಯೇ ಪ್ರಶ್ನೆ ಎತ್ತಿದರು. ಕೋಶ ಓದಿ ದೇಶ ಸುತ್ತುವುದು ಒಳ್ಳೆಯದೇ. ಆದರೆ ಸಿಂಗಾಪುರದ ಶಕ್ತಿ ಅದರ ಕಟ್ಟಡಗಳಲ್ಲಿಲ್ಲ. ಮುಖ್ಯಸ್ಥರಾಗುವ ಮುನ್ನ ಆಯ್ದವರನ್ನು ಹಲವು ತಿಂಗಳು ಪೂರ್ಣಾವಧಿ ತರಬೇತಿಗೆ ಕೂರಿಸುವ ಅಲ್ಲಿನ ಪದ್ಧತಿಯಲ್ಲಿದೆ. ಕೆಲವರು ಅಲ್ಲಿಗೆ ಹೋಗಿ ಬರುವುದಕ್ಕಿಂತ ಆ ಪದ್ಧತಿಯ ತಿರುಳು ಎಲ್ಲರಿಗಾಗಿ ಇಲ್ಲಿಗೆ ಬರುವುದು ಲೇಸು.

ನಮ್ಮ ಬೇಡಿಕೆ ದೊಡ್ಡದೇನೂ ಅಲ್ಲ. ಬಡ್ತಿಯ ಆದೇಶಕ್ಕೂ ಅಧಿಕಾರ ವಹಿಸಿಕೊಳ್ಳುವುದಕ್ಕೂ ನಡುವೆ ಕೆಲವು ವಾರಗಳ ಸಿದ್ಧತೆ ಇರಲಿ. ಅದರಲ್ಲಿ ಒಂದು ಭಾಗವನ್ನು ಚೆನ್ನಾಗಿ ನಡೆಯುವ ಸರ್ಕಾರಿ ಶಾಲೆಯೊಂದರಲ್ಲಿಯೇ ಕಳೆಯುವಂತಾಗಲಿ. ಮೊದಲ ಎರಡು ವರ್ಷ ಪ್ರತಿ ಹೊಸ ಮುಖ್ಯಸ್ಥರಿಗೂ, ಪ್ರಭಾರದಲ್ಲಿರುವವರಿಗೂ, ಒಬ್ಬ ಅನುಭವಿಯ ಜೊತೆ ದೊರೆಯಲಿ. ಲೆಕ್ಕಪತ್ರ ಮತ್ತು ಅಂಕಿಅಂಶಗಳ ಕೆಲಸಕ್ಕೆ ಕೆಲವು ಶಾಲೆಗಳಿಗೆ ಸೇರಿ ಒಬ್ಬ ಗುಮಾಸ್ತರನ್ನಾದರೂ ಕೊಡಲಿ. ಸಮಯವೇ ಇಲ್ಲದವರಿಗೆ ತರಬೇತಿ ಕೊಟ್ಟು ಫಲವಿಲ್ಲ. ಒಂದೇ ಆವರಣದಲ್ಲಿ ಪ್ರಾಥಮಿಕದಿಂದ ಪದವಿಪೂರ್ವದವರೆಗೆ ನಡೆಯುವ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಈ ಅಗತ್ಯ ಇನ್ನೂ ಹೆಚ್ಚು. ಅಲ್ಲಿ ಹಂತಕ್ಕೊಬ್ಬ ಮುಖ್ಯಸ್ಥರು ಒಂದೇ ಮನೆಯವರಂತೆ ನಡೆಯುವುದನ್ನು ಕಲಿಯಬೇಕಾಗಿದೆ. ಅನುದಾನದ ಲೆಕ್ಕ ಕೇಳುವಾಗ ಎಷ್ಟು ಮಂದಿ ಶಿಬಿರಕ್ಕೆ ಬಂದರು ಎಂದು ಕೇಳುವುದರ ಬದಲು, ಎಷ್ಟು ಶಾಲೆಗಳಲ್ಲಿ ಮುಖ್ಯಸ್ಥರು ವಾರಕ್ಕೊಮ್ಮೆಯಾದರೂ ತರಗತಿಯಲ್ಲಿ ಕುಳಿತು ಪಾಠ ಕೇಳುತ್ತಿದ್ದಾರೆ ಎಂದು ಕೇಳಲಿ.

ಇದನ್ನು ಕೇಳಬೇಕಾದವರು ಯಾರು? ನಮ್ಮ ವಿಧಾನ ಪರಿಷತ್ತಿನಲ್ಲಿ ಶಿಕ್ಷಕರ ಕ್ಷೇತ್ರದಿಂದ ಆರಿಸಿಬಂದ ಏಳು ಸದಸ್ಯರಿರುತ್ತಾರೆ. ಆದರೆ ಸಂವಿಧಾನದ 171ನೆಯ ಅನುಚ್ಛೇದದಂತೆ ಆ ಕ್ಷೇತ್ರದಲ್ಲಿ ಮತ ಹಾಕುವ ಹಕ್ಕು ಪ್ರೌಢಶಾಲೆ ಮತ್ತು ಅದಕ್ಕಿಂತ ಮೇಲಿನ ಸಂಸ್ಥೆಗಳ ಬೋಧಕರಿಗೆ ಮಾತ್ರ. ಹಳ್ಳಿಯ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕರಿಗೆ ಅಲ್ಲಿ ಮತವಿಲ್ಲ. ಅವರ ಪರವಾಗಿ ಮಾತನಾಡಬೇಕಾದವರು ನಾವು, ನಾಗರಿಕರು. ಪರಿಷತ್ತಿನ ಪದವೀಧರ ಮತ್ತು ಶಿಕ್ಷಕರ ಕ್ಷೇತ್ರಗಳಲ್ಲಿ ಮತದಾರರಾಗಿರುವ ನಮ್ಮವರು, ಮತ ಕೇಳಲು ಬರುವವರ ಮುಂದೆ ವೇತನ, ಪಿಂಚಣಿಗಳ ಜೊತೆಗೆ ಈ ಪ್ರಶ್ನೆಯನ್ನೂ ಇಡಬೇಕು. ಮಕ್ಕಳನ್ನು ಸರ್ಕಾರಿ ಶಾಲೆಗೆ ಕಳುಹಿಸುವ ತಂದೆತಾಯಿಗಳು ಶಾಲಾಭಿವೃದ್ಧಿ ಸಮಿತಿಯ ಸಭೆಗೆ ತಪ್ಪದೆ ಹೋಗಬೇಕು. ಮುಖ್ಯ ಶಿಕ್ಷಕರನ್ನು ದೂರುವ ಮೊದಲು ‘ನಿಮ್ಮ ಯಾವ ಹೊರೆಯನ್ನು ನಾವು ಹಗುರ ಮಾಡಬಹುದು?’ ಎಂದು ಕೇಳಬೇಕು.

ಇನ್ನು, ಮುಖ್ಯೋಪಾಧ್ಯಾಯರಾಗಿ ಪಡೆದ ಅನುಭವವನ್ನು ಹೊತ್ತು ಮನೆಯಲ್ಲಿರುವ ನಿವೃತ್ತರು ನಮ್ಮ ಪ್ರತಿಯೊಂದು ಧರ್ಮಕೇಂದ್ರದಲ್ಲಿಯೂ ಒಬ್ಬಿಬ್ಬರಾದರೂ ಸಿಗುತ್ತಾರೆ. ಸರ್ಕಾರದ ಅನುದಾನ ಬರುವವರೆಗೆ ಅವರು ಕಾಯಬೇಕಾಗಿಲ್ಲ. ಪಕ್ಕದ ಸರ್ಕಾರಿ ಶಾಲೆಗೆ ಹೊಸದಾಗಿ ಬಂದವರನ್ನು ಒಂದು ಸಂಜೆ ಕಂಡು, ಉಪದೇಶ ಮಾಡದೆ, ಅವರ ಮಾತನ್ನು ಕೇಳಿಬರಲಿ. ಆದರೆ ಅವರ ಸದ್ಭಾವನೆ ಸರ್ಕಾರದ ಹೊಣೆಗೆ ಬದಲಿಯಾಗಲಾರದು. ರಾಜ್ಯದ ಪ್ರತಿ ಬಡ ಮಗುವಿಗೂ ಸಮರ್ಥ ಮುಖ್ಯಸ್ಥರ ಶಾಲೆ ಸಿಗಬೇಕಾದರೆ, ಆ ಸಾಮರ್ಥ್ಯವನ್ನು ಕಟ್ಟಿಕೊಡುವ ಹಣ ವರ್ಷವರ್ಷವೂ, ಪಕ್ಷ ಬದಲಾದರೂ, ತಪ್ಪದೆ ಬರಬೇಕು. ಬೀಗದ ಕೈ ಕೊಟ್ಟವರು ಬಾಗಿಲು ತೆರೆಯುವುದನ್ನೂ ಕಲಿಸಿಕೊಡಲಿ ಎಂಬುದೇ ನಮ್ಮ ಬಿನ್ನಹ.